ವಾಸನಿ ಮ್ಯಾಲೆ ಉಪ್ಪು ಹೇಳ್ತಿದ್ದ ಕಲ್ಯಾಣಪ್ಪ

ಕಲ್ಯಾಣಪ್ಪನ ಗತ್ತು ಏನು ಕೇಳ್ತೀರಿ! ಶಹಾಬಾದಿನ ಖಾನಾವಳಿದಾಗ ಹತ್ತು ವರ್ಷ ರೊಟ್ಟಿ, ಝುಣಕ ಮಾಡಿದಂವ, ವಾಡಿ ರೇಲ್ವೆ ಸಾಹೇಬನ ಬಂಗ್ಲೇಕ್ಕ ಬಾವರ್ಚಿ ಆಗಿ ಬಂದ ಮರುದಿನವೇ ಬಿಳೇ ಕೋಟು ತೊಟ್ಟು ಮಾತಿಗೊಮ್ಮೆ 'ಹುಜೂರ್' ಅನ್ನಲಿಕ್ಕ ಸುರು ಮಾಡಿದ. ನಾ ಸುಗರಾಬಿ, ಅದೇ ಬಂಗ್ಲೇದಾಗ ಸಾಹೇಬನ ಕೂಸು ಆಡಸೋ ಆಯಾ. ದೊಡ್ಡ ಲಡಾಯಿ ಹತ್ತೂಕ್ಕಿಂತ ಎರಡು ವರ್ಷ ಮೊದಲಿನ ಮಾತು ಇದು.

ಆ ಮನಿಯಾಗ ಒಂದು ಕಾನೂನು ಇತ್ತು. ಬಾವರ್ಚಿ ರುಚಿ ನೋಡದ ಪದಾರ್ಥ ಮೇಜಿಗೆ ಬರಬಾರದು. "ಎಲ್ಲಾ ತಿಂತೀಯೇನು?" ಅಂತ ಸಾಹೇಬ ಕೇಳಿದ್ದಕ್ಕ, ಕೊರಳಾಗಿನ ಲಿಂಗ ಕೋಟಿನೊಳಗ ಮುಚ್ಚಿಕೊಂಡು, "ಎಲ್ಲಾ ತಿಂತೀನಿ ಹುಜೂರ್" ಅಂದ ಮಹಾರಾಯ. ಹುಟ್ಟಿದಾಗಿಂದ ತತ್ತಿ ಸೈತ ಮುಟ್ಟಿದಂವ ಅಲ್ಲ! ಯಾಕಂದ್ರ ಆರು ತಿಂಗಳ ಮ್ಯಾಲೆ ನೌಕರಿ ಖಾಯಂ ಆಗ್ತಿತ್ತು, ಖಾಯಂ ಆದ್ರ ಎರಡು ಖೋಲಿ ಕ್ವಾರ್ಟರ್ ಸಿಗ್ತಿತ್ತು. ಹೆಂಡ್ತಿ ಗುಂಡಮ್ಮ ಚಿಂಚೋಳ್ಯಾಗ ಅಣ್ಣನ ಮನಿಯಾಗ ಎಂಟು ಮಂದಿ ಮುಸುರಿ ತಿಕ್ಕೊಂಡು ಬಿದ್ದಿದ್ಲು. ಆಕಿನ್ನ ಕರಕೊಂಡು ಬರಬೇಕು ಅನ್ನೋದು ಇವನ ಹಟ.

ಹಟಕ್ಕ ನಾ ಏನೂ ಅನ್ನಂಗಿಲ್ಲ. ಸುಳ್ಳು ನೋಡಿ ನನಗ ಹೊಟ್ಟಿ ಉರೀತಿತ್ತು. ಕುರಿ ಮಾಂಸ ಇರಲಿ, ಕೋಳಿ ಇರಲಿ, ಚಿಮಟಾ ಹಿಡದು ಬೋಗಾಣ್ಯಾಗ ಬಿಡೋದು, ಮುಚ್ಚಳ ತಗದು ಮೂಗು ಅರಳಿಸಿ ಹಬಿ ಮೂಸೋದು, "ಉಪ್ಪು ಬರಾಬರಿ ಅದ" ಅನ್ನೋದು! ಆಮ್ಯಾಲೆ ನಳದ ಕೆಳಗ ತಲಿ ಮ್ಯಾಲಿಂದ ಸ್ನಾನ. ದಿನಾ ಇದೇ ತಮಾಷಾ. ಒಂದಿನ ಬ್ಯಾಸಗಿ ಝಳಕ್ಕ ಬೆವತಿದ್ದ, ಪಾಪ ಅಂತ ಒಂದು ಗಿಲಾಸು ನೀರು ಚಾಚಿದೆ. ಎರಡು ಹೆಜ್ಜಿ ಹಿಂದ ಸರದು, "ಬ್ಯಾಡವಾ, ನಿಮ್ಮ ಕೈಯಾಂದು ನಮಗ ನಡಿಯಂಗಿಲ್ಲ" ಅಂದ. ಅಬಾಬಾ! ಸಾಹೇಬನ ಕೋಳಿ ಕಾಲು ತಿರವ್ಯಾಡಲಿಕ್ಕ ನಡೀತದ, ಸುಗರಾಬಿ ಕೈಯಾಗಿನ ನೀರು ನಡಿಯಂಗಿಲ್ಲ. ಅವತ್ತಿಂದ ನಾ ಇವನ ಜೋಡಿ ಮಾತು ಬಿಟ್ಟೆ.

ಆರನೇ ತಿಂಗಳಾಗ ಸಿಕಂದರಾಬಾದಿನಿಂದ ದೊಡ್ಡ ಸಾಹೇಬ ಬರ್ತಾನ ಅಂತ ಸುದ್ದಿ ಬಂತು. ಮುಂಬೈ ಗಾಡಿಗೆ ಒಂದು ಗಂಟು ಇಳೀತು. ಉಪ್ಪು ತಿಕ್ಕಿ, ಹೊಗಿಗೆ ಕಟ್ಟಿದ ಹಂದಿ ತೊಡಿ, ಅವರು ಹ್ಯಾಮ್ ಅಂತಾರ. ಹಂದಿ ನಮಗ ಹರಾಮು, ಅದು ಬಂದಾಗಿಂದ ನಾ ಅಡಿಗಿಮನಿ ಹೊಸ್ತಿಲು ಸೈತ ತುಳೀಲಿಲ್ಲ, ಅಂಗಳದಾಗೇ ಕೂಸು ಆಡಸ್ತಿದ್ದೆ. ಮೇಮ್‌ಸಾಬ್ ಬಂದು ಹೇಳಿದ್ಲು: ಬಿಳೇ ಕಾಳು, ಹ್ಯಾಮು, ಗಜ್ಜರಿ, ಉಳ್ಳಾಗಡ್ಡಿ ಎಲ್ಲಾ ಕೂಡಿಸಿ ಮರುದಿನ ನಸುಕಿನಿಂದ ಮಧ್ಯಾಹ್ನದ ತನಕ ಸಣ್ಣ ಉರಿ ಮ್ಯಾಲೆ ಸೂಪು ಕುದೀಬೇಕು.

ಕಲ್ಯಾಣಪ್ಪ ಕಾಳು ಹಿಂದಿನ ದಿನವೇ ನೆನಿ ಇಟ್ಟಿದ್ದ. ಕಾಳಿನ ಹಕೀಕತ್ತು ಖಾನಾವಳಿಯವಗ ಗೊತ್ತಿರದೇ ಏನು? ಆದರ ಆ ತೊಡೀನೂ ರಾತ್ರಿಯೆಲ್ಲಾ ನೀರಾಗ ನೆನಿ ಇಡಬೇಕು, ಆ ಉಪ್ಪಿನ ನೀರು ಚೆಲ್ಲಬೇಕು ಅಂತ ಅವನಿಗೆ ಯಾರು ಹೇಳಬೇಕು? ಮೊದಲಿದ್ದ ಗೋವಾದ ಬಾವರ್ಚಿ ಹಂಗೇ ಮಾಡ್ತಿದ್ದ, ನಾ ಅಂಗಳದಿಂದ ಎಷ್ಟು ಸಲ ನೋಡೀನಿ. ಇಂವ ಗಂಟು ಬಿಚ್ಚಿ, ಮಾರಿ ಆ ಕಡೆ ತಿರುವಿ, ಚಿಮಟಾದಿಂದ ಎತ್ತಿ ಹಂಗೇ ಬೋಗಾಣಿಗೆ ಹಾಕಿದ. ಮ್ಯಾಲೆ, ಕಾಳು ಉಪ್ಪು ಎಳಕೋತಾವ ಅಂತ ಗೊಣಗಿ, ಒಂದು ಮುಷ್ಟಿ ಉಪ್ಪು ಸುರುವಿದ! ನಾ ಬಾಗಿಲದ ಹೊರಗ ಅಂಗಳದಾಗೇ ಇದ್ದೆ. ಬಾಯಿ ಬಿಡಲಿಲ್ಲ. ಮೂಸೋ ಮಗನೇ, ಮೂಸು ಈಗ, ಅಂತ ಮನಸಿನಾಗೇ ನಕ್ಕೆ.

ಮಧ್ಯಾಹ್ನ ದೊಡ್ಡ ಸಾಹೇಬ ಒಂದು ಚಮಚಾ ಬಾಯಾಗ ಇಟ್ಟು ನೀರಿಗೆ ಕೈ ಹಾಕಿದ. ನಮ್ಮ ಸಾಹೇಬನ ಮಾರಿ ಕೆಂಪಾತು. ಕಲ್ಯಾಣಪ್ಪನ್ನ ಕರದು, "ರುಚಿ ನೋಡಿದ್ಯಾ?" ಅಂತ ಕೇಳಿದ.

"ನೋಡೀನಿ ಹುಜೂರ್."

"ನಮ್ಮ ಎದುರಿಗೆ ಇನ್ನೊಮ್ಮೆ ನೋಡು."

ಕೂಸು ಬಗಲಾಗ ಹೊತ್ತು ನಾ ಪಡದೆ ಹಿಂದ ನಿಂತಿದ್ದೆ. ಕಲ್ಯಾಣಪ್ಪ ಚಮಚಾ ತುಂಬಿ ಬಾಯಿ ಹತ್ರ ತಂದ. ತಿನ್ನಂಗಿಲ್ಲ ಅಂತಾನ, ಸುಳ್ಳು ಬೈಲಿಗೆ ಬೀಳ್ತದ ಅಂತ ನಾ ಕಾಯ್ಲಿಕತ್ತಿದ್ದೆ. ಆದರ ಅಂವ ಕಣ್ಣು ಮುಚ್ಚಿ, ಉಸಿರು ಹಿಡದು, ಒಮ್ಮೆಲೇ ನುಂಗಿಬಿಟ್ಟ! ಕಣ್ಣಾಗ ನೀರು ಬಂದ್ವು. "ಉಪ್ಪು ಬರಾಬರಿ ಅದ ಹುಜೂರ್" ಅಂದ.

ನಾಲಿಗಿಗೆ ತಾಗಿಸಿದ್ರ ತಾನೇ ಉಪ್ಪು ಗೊತ್ತಾಗೋದು! ಸಾಹೇಬ ಬೈಯ್ಯಲಿಲ್ಲ ಸೈತ. "ಇಷ್ಟು ಉಪ್ಪು ತಿಳೀದ ಬಾವರ್ಚಿ ನನಗ ಬ್ಯಾಡ, ಕೋಟು ಬಿಚ್ಚಿಟ್ಟು ಹೋಗು" ಅಂದ.

ಕಲ್ಯಾಣಪ್ಪ ಕೋಟು ಬಿಚ್ಚಿಟ್ಟು ಬಂದು ಹಿತ್ತಲ ಕಟ್ಟಿ ಮ್ಯಾಲೆ ಕುಂತ. ಆಮ್ಯಾಲೆ, "ಸುಗರಾಬಿ, ಎಲ್ಲಿ ತಪ್ಪಿತವಾ?" ಅಂದ. ಆರು ತಿಂಗಳಾಗ ಮೊದಲ ಸಲ ನನ್ನ ಹೆಸರು ಹಿಡದು ಮಾತಾಡಿದ್ದ.

ನೆನಿ ಇಡೋ ಮಾತು ಹೇಳಿದೆ.

"ಮೊದಲೇ ಗೊತ್ತಿತ್ತೇನು?"

"ಗೊತ್ತಿತ್ತು."

ಬೈತಾನ ಅಂದ್ಕೊಂಡಿದ್ದೆ. ಬೈದಿದ್ರ ಛಲೋ ಇತ್ತು, ನಾನೂ ನಾಕು ಮಾತು ತಿರುಗಿ ಅಂತಿದ್ದೆ. "ಗುಂಡಮ್ಮಗ ಮುಂದಿನ ವಾರ ಬಾ ಅಂತ ಹೇಳಿ ಕಳಿಸಿದ್ದೆ" ಅಂದ, ಅಷ್ಟೇ. ಆಕಿ ಹಾಸಿಗಿ-ಪಾತ್ರಿ ಕಟ್ಟಿಕೊಂಡು ಕುಂತಿರ್ತಾಳ ಅನ್ನೋದು ನನಗ ಆಗ ಹೊಳೀತು.