ನೂರೆಂಟು ವಾಕ್ಯಗಳ ಒಡೆಯ

ನನ್ನ ಗೆಳೆಯ ತೀರಿಕೊಂಡು ನಾಲ್ಕು ತಿಂಗಳಾಯಿತು. ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಪ್ರೆಸ್ಸಿನವರು ಕೇಳಿದ್ದಾರೆ. ಬರೆಯುತ್ತೇನೆ. ಆದರೆ ಅವನ ಬಗ್ಗೆ ಒಳ್ಳೆಯದನ್ನು ಬರೆಯಬೇಕಾದರೆ ಇನ್ನೊಬ್ಬನ ಬಗ್ಗೆ ಕೆಟ್ಟದ್ದನ್ನು ಬರೆಯದೆ ವಿಧಿಯಿಲ್ಲ. ನನಗೆ ಅದರಲ್ಲಿ ಸಂಕೋಚವೂ ಇಲ್ಲ.

ಇಪ್ಪತ್ತೆರಡು ವರ್ಷ ನಾವಿಬ್ಬರೂ ಒಂದೇ ಮೇಜಿಗೆ ಎದುರುಬದುರು ಕೂತು ಪ್ರೂಫ್ ತಿದ್ದಿದೆವು. ನಾನು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವವನು. ಅವನು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಪ್ಪಿಗೆ ಕೆಂಪು ಗುರುತು ಹಾಕುವವನು. ಗೋಡೆಯಾಚೆ ಯಂತ್ರಗಳ ಸದ್ದಿಗೆ ನಾನು ಕೂಗಿಯೇ ಓದಬೇಕಿತ್ತು. ಅವನು ಮಾತ್ರ ಎಂದೂ ದನಿ ಏರಿಸಿದವನಲ್ಲ. ಆಳು ಸಣಕಲು, ಮಾತು ಕಡ್ಡಿ ಮುರಿದ ಹಾಗೆ. ಎಲ್ಲರಿಗೂ ಅವನು ಕಡ್ಡಿ ಮೇಷ್ಟ್ರು.

ಮೇಷ್ಟ್ರು ಎನ್ನುವ ಬಾಲ ಸೇರಿಕೊಂಡದ್ದು ಸಂಜೆಯ ಕೆಲಸದಿಂದ. ಪ್ರೆಸ್ಸಿನಿಂದ ಎರಡು ಬೀದಿ ದಾಟಿದರೆ, ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಒಂದು ಟ್ಯುಟೋರಿಯಲ್. ಅಲ್ಲಿ ಆರರಿಂದ ಏಳೂವರೆಯವರೆಗೆ ದುಡಿಯುವ ಜನಕ್ಕೆ ಅವನು ಇಂಗ್ಲಿಷ್ ಕಲಿಸುತ್ತಿದ್ದ. ಬಂದವರೆಲ್ಲ ಮುಗ್ಗರಿಸುತ್ತಿದ್ದದ್ದು ‘ಗೆಟ್’ ಎಂಬ ಪುಟ್ಟ ಪದಕ್ಕೆ. ಸಿಗುವುದಕ್ಕೂ ಗೆಟ್, ಮಳೆಯಲ್ಲಿ ನೆನೆಯುವುದಕ್ಕೂ ಗೆಟ್, ಏಳುವುದಕ್ಕೂ ಗೆಟ್, ಮದುವೆಯಾಗುವುದಕ್ಕೂ ಗೆಟ್. “ಇದೇನು ಮೇಷ್ಟ್ರೇ, ಇವರ ಹತ್ರ ಬೇರೆ ಪದ ಇರ್ಲಿಲ್ವಾ?” ಎಂದು ಲಾಂಡ್ರಿಯಾಕೆ ಕೇಳಿದಳಂತೆ. “ಇತ್ತಮ್ಮ. ಇದು ಹತ್ರ ಇತ್ತು ಅಂತ ಇದನ್ನೇ ಎಳ್ಕೊಂಡ್ರು. ನೀನು ಒಂದೇ ಬಟ್ಟೇಲಿ ಒಲೆ ಒರೆಸಲ್ವಾ, ಪಾತ್ರೆ ಇಳಿಸಲ್ವಾ, ಕೈ ಒರೆಸಲ್ವಾ?” ಎಂದನಂತೆ ಇವನು.

ಅವನ ತರಗತಿಯಲ್ಲಿ ಒಂದು ಕಟ್ಟಳೆ ಇತ್ತು. ಪುಸ್ತಕದ ವಾಕ್ಯ ಹೇಳುವಂತಿಲ್ಲ. ತನಗೇ ಆದದ್ದನ್ನು ಹೇಳಬೇಕು. ‘ಅವನಿಗೆ ಬಹುಮಾನ ಸಿಕ್ಕಿತು’ ಎಂದು ಯಾರಾದರೂ ಶುರುಮಾಡಿದರೆ, “ಯಾವನಿಗೆ? ನೀನು ಕಂಡ್ಯಾ?” ಎಂದು ಕೂರಿಸುತ್ತಿದ್ದ. ಹಾಗೆ ಒಂಬತ್ತು ವರ್ಷದಲ್ಲಿ ಒಂದು ನೋಟ್‌ಬುಕ್ಕು ತುಂಬಿತು. ಗೆಟ್ ಎಂಬ ಒಂದೇ ಪದ, ಅದರ ಅಷ್ಟೂ ಅರ್ಥ, ಒಂದೊಂದರ ಕೆಳಗೆ ಯಾರದೋ ಬದುಕಿನ ಒಂದು ವಾಕ್ಯ, ಅದಕ್ಕೆ ಕನ್ನಡ. ಒಟ್ಟು ನೂರೆಂಟು. ಊಟದ ಹೊತ್ತಿನಲ್ಲಿ ನನಗೆ ಓದಿ ತೋರಿಸಿ, ನಾನು ನಕ್ಕರೆ ಉಳಿಸಿಕೊಳ್ಳುತ್ತಿದ್ದ. ಇತರರ ಪುಸ್ತಕಗಳನ್ನೇ ತಿದ್ದಿ ಸವೆದವನಿಗೆ ತನ್ನ ಹೆಸರಿನದೊಂದು ಬೇಕು ಎಂಬ ಆಸೆ ಇತ್ತು. ಅವನು ಆಸೆಪಟ್ಟದ್ದು ಅದೊಂದಕ್ಕೇ.

ಟ್ಯುಟೋರಿಯಲ್ಲಿನ ಪ್ರಿನ್ಸಿಪಾಲ ಅದನ್ನು ಅಚ್ಚು ಹಾಕಿಸುತ್ತೇನೆ ಎಂದು ಇಸಿದುಕೊಂಡ. ಆರು ತಿಂಗಳಾದ ಮೇಲೆ ಅದು ಪ್ರೂಫ್ ಆಗಿ ನಮ್ಮ ಮೇಜಿಗೇ ಬಂತು. ನಾನು ಮೊದಲ ಹಾಳೆ ಓದಿದೆ: ‘ಗೆಟ್: ಒಂದು ಪದ, ನೂರೆಂಟು ವಾಕ್ಯ’. ಕೆಳಗೆ ಪ್ರಿನ್ಸಿಪಾಲನ ಹೆಸರು. ನಾನು ಹಾಳೆ ಕೆಳಗಿಟ್ಟೆ. ಇವನು ತಲೆ ಎತ್ತಲಿಲ್ಲ. “ಮುಂದೆ ಓದು,” ಎಂದ.

ಅಂದು ಸಂಜೆ ಹೋಗಿ ಕೇಳಿದ. ಬಂದ ಉತ್ತರವನ್ನು ಮರುದಿನ ನನಗೆ ಒಪ್ಪಿಸಿದ: “ಪಾಠ ಮಾಡಿದ್ದು ನಮ್ಮ ಬೋರ್ಡ್ ಮೇಲೆ, ನಮ್ಮ ಬೆಂಚಿನ ಮುಂದೆ. ಪ್ರೂಫ್ ತಿದ್ದೋನ ಹೆಸರು ನೋಡಿ ಯಾರ್ರೀ ಪುಸ್ತಕ ಕೊಳ್ತಾರೆ?”

ನಾನು ಉರಿದುಬಿದ್ದೆ. “ಲೋ, ಪ್ರೂಫ್ ನಮ್ಮ ಕೈಲಿದೆ. ಪುಟಕ್ಕೆ ಹತ್ತು ತಪ್ಪು ಬಿಡು. ಊರೆಲ್ಲ ನಗಲಿ ಅವನ ಮುಖಕ್ಕೆ.”

“ನಗ್ತಾರೆ, ಸರಿ. ಕಲಿಯೋರು ಏನು ಕಲೀತಾರೆ? ವಾಕ್ಯ ಏನು ತಪ್ಪು ಮಾಡ್ತೋ?”

ಅಲ್ಪವಿರಾಮವನ್ನೂ ಬಿಡದೆ ಪೂರ್ತಿ ತಿದ್ದಿದ. ತನ್ನ ಪುಸ್ತಕವನ್ನು ಕಳ್ಳನ ಹೆಸರಿನಲ್ಲಿ ಚೊಕ್ಕಟ ಮಾಡಿಕೊಟ್ಟ. ಹನ್ನೊಂದು ದಿನದ ಮೇಲೆ, ಬೆಳಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಮೇಲೇಳಲಿಲ್ಲ. ಡಾಕ್ಟರು ಹೃದಯಾಘಾತ ಎಂದು ಬರೆದರು. ನನ್ನನ್ನು ಕೇಳಿದ್ದರೆ ಬೇರೆ ಬರೆಯುತ್ತಿದ್ದೆ.

ಅವನ ಕುರ್ಚಿ ಖಾಲಿಯಿದ್ದ ಎರಡನೇ ವಾರ ಪ್ರಿನ್ಸಿಪಾಲ ಪ್ರೆಸ್ಸಿಗೆ ಬಂದ. ಆ ಕುರ್ಚಿಯಲ್ಲೇ ಕೂತ. “ಪಾಪ, ಒಳ್ಳೆ ಮನುಷ್ಯ,” ಎಂದ. ಆಮೇಲೆ, “ನೋಡಿ, ಭಾನುವಾರ ಬೆಳಗ್ಗೆ ಪುಸ್ತಕ ಬಿಡುಗಡೆ. ಹಳೇ ವಿದ್ಯಾರ್ಥಿಗಳನ್ನೆಲ್ಲ ಕರೀತಿದೀನಿ. ನಂಗೆ ಪುರಸೊತ್ತೇ ಇಲ್ಲ. ವೇದಿಕೆ ಮೇಲೆ ಓದೋಕೆ ಎರಡು ಮೂರು ಒಳ್ಳೆ ವಾಕ್ಯ ಗುರುತು ಹಾಕಿ ಕೊಡ್ತೀರಾ?”

ತನ್ನದೆಂದ ಪುಸ್ತಕವನ್ನು ಅವನು ಓದಿಯೇ ಇರಲಿಲ್ಲ!

“ಧಾರಾಳವಾಗಿ ಕೊಡ್ತೀನಿ ಸಾರ್,” ಎಂದೆ. ನನ್ನ ಜನ್ಮದಲ್ಲಿ ಅಷ್ಟು ಮುತುವರ್ಜಿಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಮೂರು ವಾಕ್ಯ ಆರಿಸಿ ಕೆಂಪು ಗೆರೆ ಎಳೆದೆ. ಬಳಿಕ ಆ ವಾಕ್ಯಗಳನ್ನು ಹೇಳಿದ ಮೂವರ ಮನೆ ಹುಡುಕಿಕೊಂಡು ಹೋಗಿ, ಭಾನುವಾರ ತಪ್ಪದೆ ಬನ್ನಿ, ಮುಂದಿನ ಸಾಲಿನಲ್ಲೇ ಕೂರಿ ಎಂದೆ. ಏನು ಮಾಡಬೇಕೆಂದು ಹೇಳಲಿಲ್ಲ. ಪುಸ್ತಕದ ಮೇಲೆ ಯಾರ ಹೆಸರಿದೆ ಎಂದಷ್ಟೇ ಹೇಳಿದೆ.

ಹಾಲ್ ತುಂಬಿತ್ತು. ಮೇಷ್ಟ್ರ ಹೆಂಡತಿ, ನನ್ನ ಪಾಲಿಗೆ ಅತ್ತಿಗೆ, ನನ್ನ ಪಕ್ಕದಲ್ಲಿ ಕೂತಿದ್ದರು. ಪ್ರಿನ್ಸಿಪಾಲ ಮೈಕು ಹಿಡಿದು, “ಈ ಒಂದೊಂದು ವಾಕ್ಯವೂ ನನ್ನ ಸ್ವಂತ ಅನುಭವದಿಂದ ಬಂದದ್ದು,” ಎಂದ. ಇಷ್ಟನ್ನು ನಾನು ದೇವರಲ್ಲೂ ಬೇಡಿರಲಿಲ್ಲ. ಗುರುತಿನ ಪುಟ ತೆರೆದು ಗಂಭೀರವಾಗಿ ಓದಿದ:

“ಗೆಟ್ ಯೂಸ್ಡ್ ಟು. ಒಗ್ಗಿಕೊಳ್ಳುವುದು. ಉದಾಹರಣೆ: ನನ್ನ ಗಂಡನ ಗೊರಕೆಗೆ ನಾನು ಒಗ್ಗಿಕೊಂಡಿದ್ದೇನೆ. ಈಗ ಅದು ನಿಂತರೇ ನನಗೆ ಎಚ್ಚರವಾಗುತ್ತದೆ.”

ಲಾಂಡ್ರಿಯಾಕೆ ಎದ್ದಳು. “ಸಾರ್, ಆ ಗಂಡ ನನ್ನೋನು! ಬೇಕಿದ್ರೆ ನೋಡಿ, ಇಲ್ಲೇ ಕೂತಿದಾನೆ. ಏ, ಏಳೋ, ಸಾರ್‌ಗೆ ಮುಖ ತೋರ್ಸು!”

ಗಂಡ ನಾಚಿಕೊಂಡೇ ಎದ್ದು ಕೈಮುಗಿದ. ಹಾಲ್ ಬಿದ್ದು ಬಿದ್ದು ನಕ್ಕಿತು. ಪ್ರಿನ್ಸಿಪಾಲ ಬೆವರೊರೆಸಿಕೊಂಡು, ಸುಮ್ಮನಿರಿ, ಸುಮ್ಮನಿರಿ ಎನ್ನುತ್ತಾ ಮುಂದಿನ ಗುರುತಿಗೆ ಹಾರಿದ. ಬಾವಿಯಿಂದ ತಪ್ಪಿಸಿಕೊಂಡು ಹಳ್ಳಕ್ಕೆ ಬಿದ್ದ. “ಗೆಟ್ ಆಫ್. ವಾಹನದಿಂದ ಇಳಿಯುವುದು. ನಾನು ಇಳಿದ ಕೂಡಲೇ ಬಸ್ಸು ಹೊರಟಿತು. ಡ್ರೈವರ್ ನಾನೇ.”

“ಬ್ರೇಕ್ ಹಾಕೋದು ಮರೆತಿದ್ದೆ ಸಾರ್,” ಎಂದು ದಪ್ಪ ಮೀಸೆಯವನೊಬ್ಬ ಎದ್ದ. “ಅದಕ್ಕೆ ಮೂರು ವಾರ ಸಸ್ಪೆಂಡ್ ಆಗಿದ್ದೋನು ನಾನು. ನೀವ್ಯಾವ ರೂಟಲ್ಲಿ ಓಡಿಸ್ತಿದ್ರಿ?”

ಮೂರನೆಯದನ್ನು ಅವನು ಓದಲಿಲ್ಲ. ಆಸ್ಪತ್ರೆಯ ಆಯಾ ತಾನೇ ಎದ್ದು ನಿಂತು, ಪುಸ್ತಕವಿಲ್ಲದೆ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದಳು: “ಗೆಟ್ ಓವರ್. ದುಃಖದಿಂದ ಚೇತರಿಸಿಕೊಳ್ಳುವುದು. ನನ್ನ ತಾಯಿ ಹೋದ ದುಃಖದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ. ಕೆಲಸಕ್ಕೆ ಬರುತ್ತೇನಾದ್ದರಿಂದ ಯಾರಿಗೂ ಗೊತ್ತಿಲ್ಲ.” ಮತ್ತೆ ಪ್ರಿನ್ಸಿಪಾಲನ ಕಡೆ ತಿರುಗಿ, “ಇದನ್ನ ಬರೆಸ್ಕೊಂಡ ದಿನ ಮೇಷ್ಟ್ರು ಪಾಠ ನಿಲ್ಲಿಸಿ ನಂಗೆ ನೀರು ತಂದುಕೊಟ್ರು. ನೀವು ಅವತ್ತು ಎಲ್ಲಿದ್ರಿ ಸಾರ್?”

ಆಗ ಯಾರೂ ನಗಲಿಲ್ಲ. ಹಿಂದಿನ ಸಾಲುಗಳಲ್ಲಿ ಒಬ್ಬೊಬ್ಬರೇ ಎದ್ದರು. ನನ್ನದು ಹದಿನೇಳನೆಯದು, ನನ್ನದು ಅರವತ್ತು, ಆ ಹಲ್ಲುನೋವು ನನ್ನದು. ಅವರನ್ನೆಲ್ಲ ನಾನು ಕರೆದಿರಲಿಲ್ಲ. ಕರೆದವನು ಪ್ರಿನ್ಸಿಪಾಲನೇ.

“ಆಯ್ತು, ಆಯ್ತು,” ಎಂದ ಅವನು. “ಒಳಪುಟದಲ್ಲಿ ಸಹಾಯ ಅಂತ ಮೇಷ್ಟ್ರ ಹೆಸರು ಹಾಕಿಸ್ತೀನಿ.”

ಅತ್ತಿಗೆ ಕೂತಲ್ಲಿಂದಲೇ ಹೇಳಿದರು: “ಸಹಾಯ ಮಾಡಿದ್ದು ನೀವು. ಬೇಕಾದ್ರೆ ನಿಮ್ಮ ಹೆಸರು ಅಲ್ಲಿ ಹಾಕ್ಕೊಳ್ಳಿ.”

ಅಷ್ಟು ಜನರ ಮುಂದೆ ಅವನು ಒಪ್ಪದೆ ಏನು ಮಾಡಿಯಾನು? ಸೋಮವಾರವೇ ಕಟ್ಟುಗಳು ಪ್ರೆಸ್ಸಿಗೆ ವಾಪಸು ಬಂದವು. ಹೆಸರಿನ ಹಾಳೆಯನ್ನು ಕತ್ತರಿಸಿ ಮೇಷ್ಟ್ರ ಹೆಸರಿನ ಹೊಸದನ್ನು ಅಂಟಿಸಬೇಕಿತ್ತು. ಹುಡುಗರಿಗೆ ಹೇಳಿ ಮಾಡಿಸುತ್ತೇನೆ ಎಂದರು ಬೈಂಡರ್. ಬೇಡ ಎಂದೆ. ಹೊಸ ಬ್ಲೇಡು ಇಸಿದುಕೊಂಡು, ನಾಲ್ಕು ದಿನ ರಜೆ ಹಾಕಿ, ನಮ್ಮ ಮೇಜಿನಲ್ಲೇ ಕೂತು, ಸಾವಿರ ಪ್ರತಿಯಿಂದಲೂ ಆ ಹೆಸರನ್ನು ನಾನೇ ಕೊಯ್ದೆ. ಅವಸರ ಮಾಡಲಿಲ್ಲ. ಸತ್ತವನು ನೋಡಿದ್ದರೆ ಬೈಯುತ್ತಿದ್ದ. ಬೈಯಲಿ, ಅವನ ಬೈಗುಳ ಕೇಳಲೆಂದೇ ಆಗಾಗ ಎದುರಿನ ಕುರ್ಚಿಯತ್ತ ನೋಡುತ್ತಿದ್ದೆ.

ಕೊಯ್ದ ಸಾವಿರ ಹಾಳೆಗಳನ್ನು ನೀಟಾಗಿ ಕಟ್ಟಿ ಪ್ರಿನ್ಸಿಪಾಲನ ಮನೆಗೆ ನಾನೇ ಹೊತ್ತುಕೊಂಡು ಹೋಗಿ ಕೊಟ್ಟುಬಂದೆ. ಬಾಗಿಲು ತೆರೆದ ಅವನ ಹೆಂಡತಿ ಏನಿದು ಎಂದು ಕೇಳಿದರು.

“ಯಜಮಾನರ ಪುಸ್ತಕ ಅಮ್ಮ,” ಎಂದೆ. “ಅವರು ಬರೆದಷ್ಟೂ ಇದರಲ್ಲಿದೆ.”