ಕೀ ಕೊಡಿ, ನಾನು ರಿವರ್ಸ್ ತೆಗೀತೀನಿ

ನಮ್ಮದೇ ಕಾರಿನ ಡ್ರೈವರ್ ಸೀಟಿನಿಂದ ನನ್ನನ್ನು ಮೊದಲ ಸಲ ಇಳಿಸಿದಾಗ ನಾನು ನಗುತ್ತಲೇ ಇಳಿದಿದ್ದೆ. ಥ್ಯಾಂಕ್ಸ್ ಕೂಡ ಹೇಳಿದ್ದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಗ ನಾವು ಅಬುಧಾಬಿಯಿಂದ ದೂರದ, ಎಣ್ಣೆ ಕಂಪನಿಯ ಊರಾದ ರುವೈಸಿನಲ್ಲಿದ್ದೆವು. ಗಂಡ ರಿಫೈನರಿಯಲ್ಲಿ ಟೆಕ್ನಿಷಿಯನ್, ನಾನು ಅಲ್ಲಿಯ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕಂಪನಿ ಕೊಟ್ಟ ಮನೆ. ರಜೆಯ ಶುಕ್ರವಾರ ಬಂತೆಂದರೆ ಏನು ಮಾಡುವುದೆಂದು ತೋಚದ ಊರು. ನಮ್ಮ ಹಿಂದಿನ ಸಾಲಿನಲ್ಲಿದ್ದ ಅಮೆರಿಕದ ಇಂಜಿನಿಯರ್ ಒಬ್ಬರು ಕೆಲಸ ಬಿಟ್ಟು ಊರಿಗೆ ಹೊರಟಾಗ ತಮ್ಮ ಬೋಟನ್ನು ನಮಗೆ ಮಾರಿದರು. ಬಾಸ್ ಬೋಟ್ ಅಂತ ಅದರ ಹೆಸರು. ಬಾಸ್ ಎನ್ನುವುದು ಅವರ ಕಡೆಯ ಕೆರೆ, ಸರೋವರಗಳ ಮೀನು. ಅದನ್ನು ಹಿಡಿಯಲಿಕ್ಕೆಂದೇ ಮಾಡಿದ, ಅಂಚು ತಗ್ಗಿದ, ಚಪ್ಪಟೆ ಮೂತಿಯ ಫೈಬರ್ ಬೋಟು. ನಿಂತು ಗಾಳ ಎಸೆಯಲು ಮುಂದೆ ಜಗಲಿಯಂಥ ಜಾಗ. ಸಿಹಿನೀರಿನ ಆ ಬೋಟು ಗಲ್ಫಿನ ಉಪ್ಪುನೀರಿಗೆ ಹೇಗೆ ಬಂದಿತೋ ನಾನು ಕೇಳಲಿಲ್ಲ. ಅಲೆಯಿಲ್ಲದ ದಿನ ದಡದ ಹತ್ತಿರ ಸುತ್ತಾಡಲು ಅದು ಸಾಕಿತ್ತು.

ಬೋಟು ಒಪ್ಪಿಸುವ ದಿನ ನನ್ನ ಗಂಡನಿಗೆ ಡ್ಯೂಟಿ. ಹೀಗಾಗಿ ಆ ಇಂಜಿನಿಯರ್ ಎಲ್ಲವನ್ನೂ ನನಗೇ ತೋರಿಸಿ ಹೋದರು. ಸಮುದ್ರದಿಂದ ಬಂದ ಕೂಡಲೇ ಇಂಜಿನ್ನಿಗೆ ಪೈಪು ಹಚ್ಚಿ ಸಿಹಿನೀರು ಹಾಯಿಸಬೇಕು. ಬೋಟನ್ನು ಹೇರಿ ಕಾರಿನ ಹಿಂದೆ ಎಳೆದೊಯ್ಯುವ ಟ್ರೇಲರಿನ ಸಂದುಗೊಂದಿಗಳನ್ನೆಲ್ಲ ತೊಳೆಯಬೇಕು. ಚಕ್ರದ ಬೇರಿಂಗಿಗೆ ಆಗಾಗ ಗ್ರೀಸ್ ತುಂಬಬೇಕು. ಎಲ್ಲಕ್ಕಿಂತ ಮುಖ್ಯ, ಹೈವೇಯಲ್ಲಿ ಓಡಿ ಬಂದ ಟ್ರೇಲರನ್ನು ತಕ್ಷಣ ನೀರಿಗೆ ಇಳಿಸಬಾರದು. ಬಿಸಿಯಾದ ಬೇರಿಂಗು ತಣ್ಣೀರು ತಾಗಿದೊಡನೆ ಉಪ್ಪುನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಆರಲು ಬಿಡಬೇಕು.

ಹೀಗೆ ಬೋಟಿನ ಚಾಕರಿ ನನ್ನದಾಯಿತು, ಬೋಟು ಮಾತ್ರ ಗಂಡನದು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಅಬುಧಾಬಿಗೆ ಹೋಗಿದ್ದಾಗ ಎಲೆಕ್ಟ್ರಾ ಸ್ಟ್ರೀಟಿನ ಹತ್ತಿರದ ಒಂದು ಅಂಗಡಿಯಲ್ಲಿ ನನಗೊಂದು ಗಾಳದ ರಾಡು, ದಾರ ಸುತ್ತುವ ರೀಲು ಕೊಳ್ಳಲು ನಿಂತೆವು. ಅಂಗಡಿಯವರು ಭಟ್ಕಳದವರು, ಕನ್ನಡ ಕೇಳಿ ಖುಷಿಯಾಗಿ ಚಹಾ ತರಿಸಿದರು. ನಾನು ಕೇಳಿದೆ: "ಉಪ್ಪುನೀರಿಗೆ ತುಕ್ಕು ಹಿಡಿಯದ ರೀಲ್ ಯಾವುದುಂಟು? ಹಳೇದು ಸಿಹಿನೀರಿಂದು, ತಿರುಗೂದೇ ಇಲ್ಲ."

ಅವರು ನನ್ನ ಗಂಡನ ಮುಖ ನೋಡಿ ಉತ್ತರ ಕೊಟ್ಟರು. "ನಿಮಗೆ ಈ ದೊಡ್ಡದು ತಕೊಳ್ಳಿ ಭಾಯ್. ಭಾಭಿಗೆ ಇದು ಸಾಕು, ಕಲರ್ ಚೆನ್ನಾಗುಂಟು." ನನ್ನ ಕೈಗೆ ಬಂದದ್ದು ಮಕ್ಕಳ ರಾಡು, ಗುಲಾಬಿ ಬಣ್ಣದ್ದು.

"ಇದರಲ್ಲಿ ಶೇರಿಯಂಥ ದೊಡ್ಡ ಮೀನು ಎಳೆದ್ರೆ ತುಂಡಾಗ್ತದೆ" ಎಂದೆ.

"ನೀವು ಎಳೀಬೇಡಿ ಭಾಭಿ, ಭಾಯ್ ಇದ್ದಾರಲ್ಲ" ಎಂದರು ಆ ಮನುಷ್ಯ, ಬಹಳ ಪ್ರೀತಿಯಿಂದಲೇ. ನನ್ನ ಗಂಡ ಚಹಾ ಕುಡಿಯುತ್ತಿದ್ದರು. ನಾನು ಗುಲಾಬಿ ರಾಡನ್ನು ಕೌಂಟರಿನ ಮೇಲಿಟ್ಟು, ಗೋಡೆಯ ಮೇಲಿದ್ದವನ್ನು ಒಂದೊಂದಾಗಿ ಬಗ್ಗಿಸಿ ನೋಡಿ, ನನ್ನ ಕೈಗೆ ಒಗ್ಗಿದ ಉದ್ದದ ರಾಡನ್ನೂ ಬಿಗಿಯಾಗಿ ಮುಚ್ಚಿದ ರೀಲನ್ನೂ ಆರಿಸಿಕೊಂಡೆ. ಬಿಲ್ ಮಾಡುವಾಗ ಅವರು ಗಂಡನಿಗೆ ಹೇಳಿದರು: "ಒಳ್ಳೆ ಸೆಲೆಕ್ಷನ್ ಭಾಯ್."

ಇದೆಲ್ಲ ಸಣ್ಣದು. ದೊಡ್ಡದು ನಡೆದದ್ದು ಹೈವೇ ಹಿಡಿದು ಹೋದರೆ ಸಿಗುವ ಕಡಲತಡಿಯ ಊರು ಮಿರ್ಫಾದಲ್ಲಿ.

ಬೋಟು ಇಳಿಸಲು ಅಲ್ಲಿ ಕಾಂಕ್ರೀಟಿನ ಇಳಿಜಾರು ಇತ್ತು. ಕಾರನ್ನು ಹಿಂದಕ್ಕೆ ತಂದು ಟ್ರೇಲರನ್ನು ನೀರಿಗಿಳಿಸಬೇಕು, ಬೋಟು ತೇಲಿದ ಮೇಲೆ ಅದರಲ್ಲಿ ಕೂತವರು ಇಂಜಿನ್ ಹಾಕಿ ಅದನ್ನು ಟ್ರೇಲರಿನಿಂದ ಆಚೆ ತೆಗೆಯಬೇಕು. ಇದಕ್ಕೆ ಇಬ್ಬರು ಬೇಕು. ಬೋಟಿನಲ್ಲಿ ಕೂರುವ ಕೆಲಸವನ್ನು ನನ್ನ ಗಂಡ ಮೊದಲೇ ಆರಿಸಿಕೊಂಡಿದ್ದರು. ಹಾಗಾಗಿ ಸ್ಟೀರಿಂಗ್ ನನ್ನದು. ಟ್ರೇಲರನ್ನು ಹಿಂದಕ್ಕೆ ತರುವುದು ಮೊದಮೊದಲು ತಲೆ ತಿರುಗಿಸುವ ವಿದ್ಯೆ. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೊರಳುತ್ತದೆ. ಮೊದಲ ದಿನ ನಾನು ಎರಡು ಸಲ ಅಡ್ಡಾದೆ. ಅಷ್ಟರಲ್ಲಿ ಸುತ್ತ ನಿಂತ ಗಂಡಸರೆಲ್ಲ ಕೈಯೆತ್ತಿ ಲೆಫ್ಟು, ರೈಟು, ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಕೂಗತೊಡಗಿದರು. ಅವರಲ್ಲಿ ಒಬ್ಬರ ಲೆಫ್ಟು ಇನ್ನೊಬ್ಬರ ರೈಟಾಗಿತ್ತು.

ಆಗ ಬಂದವರು ನನ್ನ ಗಂಡನ ಸೂಪರ್‌ವೈಸರ್. ಮೈಸೂರು ಕಡೆಯವರು, ಅವರಿಗೂ ಒಂದು ಬೋಟಿತ್ತು, ನಮ್ಮದಕ್ಕಿಂತ ದೊಡ್ಡದು. ಕಿಟಕಿಯ ಬಳಿ ಬಗ್ಗಿ, "ಇಳೀರಮ್ಮಾ, ಕೀ ಕೊಡಿ, ನಾನು ರಿವರ್ಸ್ ತೆಗೀತೀನಿ. ಹೆಂಗಸ್ರ ಕೈಲಿ ಆಗೋ ಕೆಲಸ ಅಲ್ಲ ಇದು" ಎಂದರು.

ನಾನು ಇಳಿದೆ. ಒಂದೇ ಏಟಿಗೆ ಅವರು ಟ್ರೇಲರನ್ನು ನೀರಿಗೆ ಇಳಿಸಿದರು. ಚೆನ್ನಾಗಿಯೇ ಇಳಿಸಿದರು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅದೇ ಪದ್ಧತಿಯಾಯಿತು. ಅವರು ಮಿರ್ಫಾಕ್ಕೆ ಯಾವಾಗ ಹೋಗುತ್ತಾರೆಂದು ಕೇಳಿ ನನ್ನ ಗಂಡ ನಮ್ಮ ಹೊರಡುವ ಹೊತ್ತನ್ನು ಇಟ್ಟುಕೊಳ್ಳತೊಡಗಿದರು. ನಾನು ಹೈವೇಯುದ್ದ ಓಡಿಸುವುದು, ಇಳಿಜಾರಿನ ಬಾಯಲ್ಲಿ ಇಳಿದು ಪಕ್ಕಕ್ಕೆ ನಿಲ್ಲುವುದು. ಒಂದು ಶುಕ್ರವಾರ ಸೂಪರ್‌ವೈಸರ್ ಅವಸರದಲ್ಲಿದ್ದರು. ನಾವು ಆಗಷ್ಟೇ ಬಂದು ನಿಂತಿದ್ದೆವು.

"ಸರ್, ಸ್ವಲ್ಪ ತಡೀರಿ, ಬೇರಿಂಗ್ ಬಿಸಿಯುಂಟು. ಆರ್ಲಿ" ಎಂದೆ.

ಅವರು ಗಂಡನ ಕಡೆ ತಿರುಗಿ ನಕ್ಕರು. "ಏನಪ್ಪಾ, ನಿನ್ ಮಿಸೆಸ್ ಟ್ರೇಲರಿಗೂ ಜ್ವರ ನೋಡ್ತಾರೆ!" ಗಂಡನೂ ನಕ್ಕರು. ಟ್ರೇಲರ್ ನೇರವಾಗಿ ನೀರಿಗೆ ಹೋಯಿತು, ಚಕ್ರ ಪೂರ್ತಿ ಮುಳುಗುವಷ್ಟು. ಮುಂದಿನ ವಾರವೂ ಹಾಗೆಯೇ. ನಾನು ಮನೆಗೆ ಬಂದು ಗ್ರೀಸ್ ತುಂಬುತ್ತಲೇ ಇದ್ದೆ. ಒಳಗೆ ಹೋದ ನೀರನ್ನು ಮೇಲಿನಿಂದ ತುಂಬಿದ ಗ್ರೀಸು ಹೊರಗೆ ಹಾಕುವುದಿಲ್ಲವೆಂದು ಆಗ ನನಗೆ ಹೊಳೆಯಲಿಲ್ಲ.

ಕೆಲವು ವಾರಗಳ ಮೇಲೆ ಮಿರ್ಫಾದಿಂದ ವಾಪಸು ಬರುವಾಗ ಕನ್ನಡಿಯಲ್ಲಿ ಟ್ರೇಲರಿನ ಒಂದು ಚಕ್ರ ವಾಲಾಡುವುದು ಕಂಡಿತು. ಹೊಗೆ ಬರುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿದೆ. ನಡು ಬೇಸಿಗೆ. ರಿಫೈನರಿಯ ಲಾರಿಗಳು ಹಾದು ಹೋದಾಗಲೆಲ್ಲ ಕಾರು, ಬೋಟು, ನಾವು ಎಲ್ಲ ಅಲುಗುತ್ತಿದ್ದೆವು. ಗಂಡ ಯಾರಿಗೆ ಫೋನ್ ಮಾಡಿದರು ಎಂದು ಹೇಳಬೇಕಾಗಿಲ್ಲ. ಸೂಪರ್‌ವೈಸರ್ ಪಿಕಪ್ ತಂದರು, ಜೊತೆಗೆ ಅವರ ಬೋಟಿನ ಇಬ್ಬರು ಗೆಳೆಯರು. ಬಿಸಿಲಲ್ಲಿ ಬಗ್ಗಿ ಕೆಲಸ ಮಾಡಿದರು, ಅದಕ್ಕೆ ನಾನು ಋಣಿಯೇ. ಚಕ್ರದ ನಡುವಿನ ಹಬ್ ಬಿಚ್ಚಿದಾಗ ಒಳಗಿನ ಗ್ರೀಸು ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ನೀರು ಸೇರಿದ ಗ್ರೀಸು ಹಾಗೆಯೇ ಇರುತ್ತದೆ.

"ಗ್ರೀಸ್ ಯಾರಪ್ಪಾ ಹಾಕೋದು?" ಎಂದು ಅವರು ಕೇಳಿದರು.

"ಇವ್ಳೇ ಹಾಕೂದು ಸರ್" ಎಂದರು ನನ್ನ ಗಂಡ.

"ಅಷ್ಟೇ ಮತ್ತೆ! ಹೆಂಗಸ್ರು ಚಪಾತಿಗೆ ಎಣ್ಣೆ ಸವರಿದ ಹಾಗೆ ಸವರಿದ್ದಾರೆ."

ಗೆಳೆಯರು ನಕ್ಕರು. ನನ್ನ ಗಂಡ ನೆಲ ನೋಡಿಕೊಂಡು ನಕ್ಕರು. "ನಾನು ತಡೀರಿ ಅಂತ ಹೇಳಿದ್ದೆ ಸರ್, ಬಿಸಿ ಇರುವಾಗ ಇಳಿಸಿದ್ದಕ್ಕೆ ಹೀಗಾದದ್ದು" ಎಂದು ನಾನು ಹೇಳಿದ್ದು ಲಾರಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಿಸದಂತೆ ಇದ್ದರೋ.

ಮನೆಗೆ ಬಂದ ಮೇಲೆ ನಾನು ಗಂಡನನ್ನು ಕೇಳಿದೆ. "ನಿಮ್ಗೆ ಗೊತ್ತುಂಟಲ್ಲ ತಪ್ಪು ಯಾರದ್ದು ಅಂತ? ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ಮಾರಾಯ್ರೆ?"

"ಅವ್ರು ನಮ್ಮ ಸರ್ ಅಲ್ವಾ ಮಾರಾಯ್ತಿ. ಅಪ್ರೈಸಲ್ ಬರೆಯೂದು ಅವ್ರು. ಸಹಾಯ ಮಾಡ್ಲಿಕ್ಕೆ ಬಂದವ್ರ ಹತ್ರ ಜಗಳ ಮಾಡ್ಲಿಕ್ಕೆ ಆಗ್ತದಾ?"

ಜಗಳ! ನಾನು ಕೇಳಿದ್ದು ಜಗಳವನ್ನಲ್ಲ, ನನ್ನ ಹೆಸರಿಗೆ ಹಚ್ಚಿದ ಮಸಿಯನ್ನು ಅಲ್ಲಿಯೇ ಒರೆಸುವುದನ್ನು. ಆಫೀಸಿನ ಅಂಜಿಕೆಯನ್ನು ರಜೆಯ ದಿನ ಸಮುದ್ರದ ದಂಡೆಗೂ ಕಟ್ಟಿಕೊಂಡು ಬಂದು, ಅದರ ಸುಂಕವನ್ನು ಹೆಂಡತಿಯಿಂದ ಕೊಡಿಸುವ ಗಂಡಸರು ಎಷ್ಟು ಮಂದಿಯೋ! ಆ ದಿನ ನಾನು ಅಡುಗೆ ಮಾಡಲಿಲ್ಲ. ಹಿಡಿದು ತಂದಿದ್ದ ಮೀನು ಫ್ರಿಜ್ಜಿನಲ್ಲೇ ಉಳಿಯಿತು.

ಬೇರಿಂಗ್ ಬದಲಾದ ಮೇಲೆ, ಕ್ಲಿನಿಕ್ಕಿನಿಂದ ಬಂದವಳು ಬೋಟನ್ನು ಕಾರಿಗೆ ಸಿಕ್ಕಿಸಿಕೊಂಡು ನಮ್ಮ ಕಾಲೊನಿಯ ಹಿಂದಿನ ಖಾಲಿ ಬಯಲಿಗೆ ಹೋಗತೊಡಗಿದೆ. ಎರಡು ಬಕೆಟ್ ಇಟ್ಟು ಅವುಗಳ ನಡುವೆ ಹಿಂದಕ್ಕೆ ತರುವುದು. ಕೈಯನ್ನು ಸ್ಟೀರಿಂಗಿನ ತಳಭಾಗದಲ್ಲಿ ಹಿಡಿದರೆ ಕೈ ಹೋದತ್ತಲೇ ಟ್ರೇಲರ್ ಹೋಗುತ್ತದೆಂಬುದು ಅಲ್ಲಿ ಗೊತ್ತಾಯಿತು. ಬಕೆಟ್ ಒಡೆದವು, ಬೇರೆ ತಂದೆ. ಚೆನ್ನಾಗಿ ಕಲಿತೆ ಎಂದು ಹೇಳಲಾರೆ. ನಿಧಾನವಾಗಿ, ತಿದ್ದಿಕೊಂಡು ತರಲು ಬರುವಷ್ಟು ಕಲಿತೆ. ಗಂಡ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು.

ಮತ್ತೆ ಮಿರ್ಫಾ. ಇಳಿಜಾರಿನಿಂದ ಸ್ವಲ್ಪ ದೂರ ನಿಲ್ಲಿಸಿ, ಚಕ್ರದ ನಡುಭಾಗವನ್ನು ಕೈಯಿಂದ ಮುಟ್ಟಿ, ಬಿಸಿ ಇಳಿಯುವ ತನಕ ಕಾದೆ. ಗಂಡ ಬೋಟು ಹತ್ತಿದರು. ನಾನು ಕಾರು ಹತ್ತಿದ ಕೂಡಲೇ ಸೂಪರ್‌ವೈಸರ್ ಕೈ ಚಾಚಿಕೊಂಡೇ ಬಂದರು.

ನಾನು ಬಾಗಿಲ ಲಾಕ್ ಒತ್ತಿದೆ.

ಅವರು ಗಾಜು ತಟ್ಟಿದರು. ನಾನು ಗಾಜನ್ನು ಮಾತು ಕೇಳಿಸುವಷ್ಟು ಮಾತ್ರ ಇಳಿಸಿದೆ.

"ಕೀ ಕೊಡೀಮ್ಮಾ. ಹಿಂದೆ ಕ್ಯೂ ಇದೆ."

"ಕ್ಯೂ ಇರ್ಲಿ ಸರ್. ನಾನೂ ಕ್ಯೂನಲ್ಲೇ ಬಂದದ್ದು."

"ಅಲ್ಲಾ, ನಿಮಗೆ ಬರಲ್ಲ, ಎಲ್ರಿಗೂ ಲೇಟ್ ಆಗತ್ತೆ…"

"ಆಗ್ಲಿ. ಈ ಸೀಟಿಂದ ನಾನು ಇಳಿಯೂದಿಲ್ಲ. ದಯಮಾಡಿ ಬದಿಗೆ ನಿಲ್ಲಿ, ಕನ್ನಡಿಯಲ್ಲಿ ನೀವೇ ಕಾಣ್ತೀರಿ, ಟ್ರೇಲರ್ ಕಾಣೂದಿಲ್ಲ."

ಅವರು ಬೋಟಿನಲ್ಲಿ ಕೂತ ನನ್ನ ಗಂಡನನ್ನು ಕೂಗಿ ಕರೆದರು. "ಹೇಳಪ್ಪಾ ಇವ್ರಿಗೆ!" ನಾನು ಕನ್ನಡಿಯಲ್ಲಿ ಗಂಡನನ್ನೇ ನೋಡುತ್ತಿದ್ದೆ. ಅವರು ಒಮ್ಮೆ ಸರ್ ಕಡೆ ನೋಡಿದರು, ಒಮ್ಮೆ ಕಾರಿನ ಕಡೆ ನೋಡಿದರು, ಆಮೇಲೆ ಬಗ್ಗಿ ಇಂಜಿನ್ನಿನ ಹತ್ತಿರ ಏನೋ ಹುಡುಕುವವರ ಹಾಗೆ ಮಾಡಿದರು. ನನ್ನ ಪರವಾಗಿ ಅವರು ಮಾಡಿದ್ದು ಅಷ್ಟೇ.

ಹಿಂದೆ ಹಾರ್ನ್ ಶುರುವಾಯಿತು. ಮೊದಲ ಸಲ ಟ್ರೇಲರ್ ಬಲಕ್ಕೆ ಹೊರಳಿತು, ಮುಂದೆ ತಂದು ಸರಿ ಮಾಡಿದೆ. ಎರಡನೆಯ ಸಲವೂ ಹೊರಳಿತು. ಮತ್ತೆ ಮುಂದೆ ತಂದೆ. ಯಾರೋ ಜೋರಾಗಿ "ಖಲಾಸ್!" ಎಂದರು, ನಗು ಕೇಳಿಸಿತು. ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತಿತ್ತು. ಸಿಟ್ಟು ಎಷ್ಟಿತ್ತೆಂದರೆ ಹೆದರಿಕೆಗೆ ಜಾಗವೇ ಇರಲಿಲ್ಲ. ಎಷ್ಟು ಸಲ ಹಿಂದೆ ಮುಂದೆ ಮಾಡಿದೆನೋ ಎಣಿಸಲಿಲ್ಲ. ಕೊನೆಗೆ ಟ್ರೇಲರ್ ನೆಟ್ಟಗೆ, ಸ್ವಲ್ಪ ಓರೆಯಾದರೂ ನೆಟ್ಟಗೆ, ನೀರಿಗೆ ಇಳಿಯಿತು. ಬೋಟು ತೇಲಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆಯಲೆಂದು ನಾನು ಮಾಡಿರಲೂ ಇಲ್ಲ.

ಕಾರು ನಿಲ್ಲಿಸಿ ಬಂದು ಬೋಟು ಹತ್ತಿದೆ. ದಡ ದೂರವಾದ ಮೇಲೆ ಗಂಡ ಬಾಯಿ ಬಿಟ್ಟರು. "ಕೀ ಕೊಟ್ಟಿದ್ರೆ ಐದು ನಿಮಿಷದ ಕೆಲ್ಸ ಆಗಿತ್ತು."

"ಗೊತ್ತುಂಟು" ಎಂದೆ. "ನೀವು ಆವತ್ತು ರೋಡಿನಲ್ಲಿ ಬಾಯಿ ಬಿಟ್ಟಿದ್ರೆ ಅರ್ಧ ನಿಮಿಷದ ಕೆಲ್ಸ ಆಗಿತ್ತು."

ಅವರು ಗಾಳಕ್ಕೆ ಎರೆ ಸಿಕ್ಕಿಸಿ ದಾರವನ್ನು ನೀರಿಗೆ ಬಿಟ್ಟರು. ಆಮೇಲೆ, ನನ್ನ ಮುಖ ನೋಡದೆ, "ಹೌದು" ಎಂದರು. ಅದಕ್ಕಿಂತ ಹೆಚ್ಚಿನದೇನೂ ಆ ದಿನವಾಗಲಿ ಮುಂದೆಯಾಗಲಿ ಅವರ ಬಾಯಿಂದ ಬರಲಿಲ್ಲ.

ಅಪ್ರೈಸಲ್ ಎಂದಿನ ಹಾಗೆಯೇ ಬಂತು, ಮೇಲೂ ಇಲ್ಲ, ಕೆಳಗೂ ಇಲ್ಲ. ಸೂಪರ್‌ವೈಸರ್ ಮತ್ತೆ ನಮ್ಮ ಕಾರಿನ ಹತ್ತಿರ ಬರಲಿಲ್ಲ. ದೂರದಿಂದ ತಲೆಯಾಡಿಸುತ್ತಿದ್ದರು. ನಾವು ದುಬೈಗೆ ಬಂದು ಬೋಟು ಮಾರುವ ತನಕವೂ ಅದನ್ನು ನೀರಿಗೆ ಇಳಿಸಿದವಳು ನಾನೇ. ರಿಫೈನರಿಯಲ್ಲಿ ಸೂಪರ್‌ವೈಸರ್, "ಅವನ ಮಿಸೆಸ್ ಸ್ವಲ್ಪ ಜೋರು ಕಣ್ರಪ್ಪಾ" ಎಂದು ಹೇಳಿಕೊಂಡು ತಿರುಗಿದರಂತೆ. ಗಂಡ ಅದನ್ನು ತಮಾಷೆಯೆಂದುಕೊಂಡು ನನಗೆ ಬಂದು ಹೇಳಿದರು. ನನ್ನ ಕಾರಿನಲ್ಲಿ ನಾನು ಕೂತದ್ದಕ್ಕೆ ಜೋರು ಎನ್ನುವ ಹೆಸರು! ಬೇರೆಯವರ ಕಾರಿನ ಬಾಗಿಲಿಗೆ ಬಂದು ಕೀಗೆ ಕೈ ಒಡ್ಡುವವರಿಗೆ ಏನು ಹೆಸರು ಎಂದು ಕೇಳಿದೆ. ಗಂಡ ಟಿ.ವಿ. ಹಾಕಿದರು.