ಆರ್ಗನ್ನಿನೊಳಗಿನ ಟಕಟಕ

ನಮ್ಮ ಮನೆಯ ಆರ್ಗನ್ನಿಗೆ ಹೆಚ್ಚು ಕಡಿಮೆ ನನ್ನಷ್ಟೇ ವಯಸ್ಸು. ನನ್ನ ತಂದೆ ನಾಟಕದ ಕಂಪನಿಯೊಂದರಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಕಂಪನಿ ಮುಚ್ಚಿದಾಗ ಇದನ್ನು ಲಾರಿಯಲ್ಲಿ ಹೇರಿಕೊಂಡು ರಾಯದುರ್ಗಕ್ಕೆ ತಂದರು. ನೋಡಲು ದೊಡ್ಡ ಹಾರ್ಮೋನಿಯಂ ಹಾಗೆಯೇ. ಆದರೆ ಕೈಯಿಂದ ಗಾಳಿ ಹಾಕಬೇಕಿಲ್ಲ. ಒಳಗಿನ ಕರೆಂಟ್ ಮೋಟಾರು ಫ್ಯಾನ್ ತಿರುಗಿಸಿ ಸ್ವರ ಹೊರಡಿಸುವ ರೀಡುಗಳಿಗೆ ಗಾಳಿ ಊದುತ್ತದೆ. ಬೆರಳಿನಿಂದ ಒತ್ತುವ ಕೀಗಳಿಗೆ ನಾವು ಮನೆಗಳು ಎನ್ನುತ್ತೇವೆ. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಸಂಜೆ ಮಕ್ಕಳಿಗೆ ಇದರ ಮೇಲೆಯೇ ಸಂಗೀತ ಹೇಳಿಕೊಡುತ್ತಿದ್ದೇನೆ.

ಹೋದ ವರ್ಷ ಅದರೊಳಗಿಂದ ಟಕಟಕ ಎಂಬ ಸದ್ದು ಶುರುವಾಯಿತು. ಅದನ್ನು ರಿಪೇರಿ ಮಾಡಬಲ್ಲವರು ನನಗೆ ಗೊತ್ತಿದ್ದಂತೆ ಒಬ್ಬರೇ. ಮಡಕಶಿರಾ ಕಡೆಯ, ಹೇಮಾವತಿ ಹತ್ತಿರದ ಹಳ್ಳಿಯ ಮೇಸ್ತ್ರಿ. ಪಂಪ್‌ಸೆಟ್ಟಿನ ಮೋಟಾರೂ ಸರಿ, ಹಾರ್ಮೋನಿಯಮ್ಮೂ ಸರಿ, ಎರಡಕ್ಕೂ ಅವರ ಕೈ ಪಳಗಿತ್ತು. ಆದರೆ ಆ ಹೊತ್ತಿಗೆ ಅವರು ಬಿದ್ದು ಬೆನ್ನಿಗೆ ಪೆಟ್ಟಾಗಿ ಮಂಚ ಹಿಡಿದಿದ್ದರು.

ಫೋನ್ ಮಾಡಿದಾಗ, "ನಾನು ಬರಾಕಾಗಲ್ಲ ಟೀಚರಮ್ಮ. ಸದ್ದು ರೆಕಾರ್ಡ್ ಮಾಡಿ ಕಳ್ಸಿ, ಕೇಳಿ ಹೇಳ್ತೀನಿ" ಎಂದರು.

ನಮ್ಮ ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಮಷಿನ್‌ಗಳ ಗದ್ದಲದಲ್ಲಿ ಏನೂ ಕೇಳಿಸುವುದಿಲ್ಲ. ಅವರು ಊಟಕ್ಕೆ ಎದ್ದ ಅರ್ಧ ಗಂಟೆಯಲ್ಲಿ ನಾನು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೆ. ತುಸು ಹೊತ್ತಿಗೆ ಮೇಸ್ತ್ರಿಯ ವಾಯ್ಸ್ ಮೆಸೇಜ್ ಬರುತ್ತಿತ್ತು.

"ಯಾವ ಮನೆನೂ ಒತ್ತಬ್ಯಾಡಿ, ಬರೀ ಸ್ವಿಚ್ ಹಾಕಿ. ಸದ್ದು ಬತ್ತೈತಾ?" ಬರುತ್ತಿತ್ತು. ಹಾಗಾದರೆ ರೀಡಿನದಲ್ಲ.

"ಈಗ ಆಫ್ ಮಾಡಿ. ಸದ್ದು ತಟ್ಟಂತ ನಿಲ್ತೈತಾ, ಇಲ್ಲಾ ನಿಧಾನ ಆಗ್ತಾ ಆಗ್ತಾ ನಿಲ್ತೈತಾ?" ನಿಧಾನವಾಗಿ ನಿಂತಿತು. ಹಾಗಾದರೆ ಕರೆಂಟಿನದಲ್ಲ, ತಿರುಗುವ ಭಾಗದ್ದು.

ಹಿಂದಿನ ಹಲಗೆ ಬಿಚ್ಚಿದೆ. ಫ್ಯಾನಿನ ರೆಕ್ಕೆ ಎಲ್ಲೂ ತಾಗುತ್ತಿರಲಿಲ್ಲ. ಧೂಳು ತೆಗೆದೆ, ಎಣ್ಣೆ ಬಿಟ್ಟೆ. ಸದ್ದು ಹಾಗೇ ಇತ್ತು. ಅವರು ಮಾತ್ರ ಬಿಡಲಿಲ್ಲ. ದಿನಕ್ಕೆ ಮೂರು ಸಲ, ನಾಲ್ಕು ಸಲ, "ಇನ್ನೊಂದ್ಸಲ ಕಳ್ಸಿ" ಎನ್ನುತ್ತಿದ್ದರು. ಕೊನೆಗೊಂದು ದಿನ ಮಕ್ಕಳು ಬಂದು ಕುಳಿತಿದ್ದಾಗಲೇ ಮತ್ತೆ ಕೇಳಿದರು. ನನಗೆ ರೇಗಿತು. "ಯಾಕ್ರಿ ಮೇಸ್ತ್ರಿ, ನನಗೇನು ಬ್ಯಾರೆ ಕೆಲಸ ಇಲ್ಲೇನ್ರಿ? ಸದ್ದು ಇದ್ರ ಇರ್ಲಿ ಬಿಡ್ರಿ" ಎಂದು ಕಳಿಸಿದೆ.

ಮಾರನೆಯ ದಿನ ಅವರಿಂದ ಒಂದು ಉದ್ದನೆಯ ವಾಯ್ಸ್ ಮೆಸೇಜ್ ಬಂತು. ನಾನು ತೆರೆಯಲಿಲ್ಲ. ಎಂಟು ದಿನ ಕಳೆದಿರಬೇಕು; ಅವರದೇ ಸ್ಟೇಟಸ್‌ನಲ್ಲಿ ಹಾರ ಹಾಕಿದ ಅವರ ಫೋಟೋ ಕಂಡಿತು.

ಒಂದು ತಿಂಗಳು ಆ ಮೆಸೇಜನ್ನು ಮುಟ್ಟುವ ಧೈರ್ಯವಾಗಲಿಲ್ಲ. ಆರ್ಗನ್ನನ್ನೂ ಮುಟ್ಟಲಿಲ್ಲ, ಮಕ್ಕಳಿಗೆ ಬಾಯಿಯಲ್ಲೇ ಪಾಠ ಮಾಡಿದೆ. ಆದರೆ ಸ್ವಿಚ್ ಹಾಕದಿದ್ದರೂ ಅಡುಗೆಮನೆಯಲ್ಲಿ ನಿಂತಾಗ ಆ ಸದ್ದು ಕೇಳಿದಂತಾಗುತ್ತಿತ್ತು. ಓಡಿಬಂದು ನೋಡಿದರೆ ಪ್ಲಗ್ ನೆಲದ ಮೇಲಿರುತ್ತಿತ್ತು. ತಾಳಲಾರದೆ ಒಂದು ಮಧ್ಯಾಹ್ನ ಮೆಸೇಜ್ ತೆರೆದೆ.

"ಬೇಜಾರ್ ಮಾಡ್ಕೋಬ್ಯಾಡಿ ಟೀಚರಮ್ಮ. ಮೋಟಾರ್ ಕೂತಿರೋ ನಾಕು ರಬ್ಬರ್ ಐತಲ್ಲ, ಅದ್ರಲ್ಲಿ ಒಂದು ಒಣಗಿ ಕಲ್ಲಾಗಿರ್ತೈತೆ. ಒಣಗಿದ ಕಟ್ಟಿಗೇಲಿ ಮೋಟಾರನ್ನ ಒಸಿ ಮೇಲಕ್ಕೆ ಒತ್ತಿ ನೋಡಿ. ಸದ್ದು ನಿಂತ್ರೆ ಅದೇಯ. ಸೈಕಲ್ ಟ್ಯೂಬ್ ಕತ್ತರಿಸಿ ಮಡಗಿ. ಆಮೇಲೆ ನಂಗೊಂದು ಕಳ್ಸಿ, ಕೇಳ್ಬೇಕು."

ಮಾತು ಅಲ್ಲಿಗೆ ಮುಗಿದಿತ್ತು. ಆದರೆ ರೆಕಾರ್ಡಿಂಗ್ ನಿಲ್ಲಿಸುವುದನ್ನು ಅವರು ಮರೆತಿದ್ದರು. ಅವರ ಕೆಮ್ಮು ಕೇಳಿಸಿತು, ದೂರದಲ್ಲಿ ಕುರಿಗಳ ಕೂಗು. ಆಮೇಲೆ ಟಕಟಕ ಶುರುವಾಯಿತು. ನಾನು ಬೆಚ್ಚಿ ಆರ್ಗನ್ ಕಡೆ ತಿರುಗಿದೆ. ಸದ್ದು ಫೋನಿನೊಳಗಿತ್ತು. ಯಾರದೋ ಇನ್ನೊಂದು ಫೋನಿಗೆ ಹಾಕಿಕೊಂಡಿದ್ದಿರಬೇಕು, ನನ್ನ ರೆಕಾರ್ಡಿಂಗನ್ನೇ ಅವರು ಕೇಳುತ್ತಿದ್ದರು. ಜೊತೆಗೆ ಇನ್ನೊಂದು ಸಣ್ಣ ಸದ್ದು: ಅದೇ ಲಯಕ್ಕೆ ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ಬಡಿಯುತ್ತಿದ್ದರು.

ಅಂದೇ ಸ್ವಿಚ್ ಹಾಕಿ, ಮಕ್ಕಳು ಗೆರೆ ಎಳೆಯುವ ಮರದ ಸ್ಕೇಲಿನಿಂದ ಮೋಟಾರನ್ನು ಮೇಲಕ್ಕೆ ಒತ್ತಿದೆ. ಸದ್ದು ನಿಂತಿತು. ಟ್ಯೂಬ್ ಕತ್ತರಿಸಿ ಇಟ್ಟೆ. ಹಲಗೆ ಮುಚ್ಚಿ, ಗಾಳಿಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿದೆ. ಕಳಿಸಿ ಎಂದು ಕೇಳಿದ್ದರಲ್ಲ, ಅವರ ನಂಬರಿಗೇ ಕಳಿಸಿದೆ.

ಮರುದಿನ ನೋಡಿದರೆ ಟಿಕ್ಕುಗಳು ನೀಲಿಯಾಗಿದ್ದವು. ಕೂತಲ್ಲೇ ಇದ್ದೆ, ಆಗಲೇ ಆ ನಂಬರಿನಿಂದ ಫೋನ್ ಬಂತು. ಹೆಂಗಸಿನ ದನಿ.

"ನಾನು ಮೇಸ್ತ್ರಿ ಮನೆಯವ್ರು ತಾಯಿ. ನಿಂತೋಯ್ತಾ ಸದ್ದು? ಟೀಚರಮ್ಮ ಕಳ್ಸಿದ್ರಾ ನೋಡು, ಕಳ್ಸಿದ್ರಾ ನೋಡು ಅಂತ ಕೊನೇಗಂಟ ಕೇಳ್ತಿದ್ರು."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅಕ್ಕಾ, ಅವರು ಇದ್ದಾಗ ನಾನು ಆ ಮೆಸೇಜ್ ಕೇಳಲೇ ಇಲ್ರಿ. ಸಿಟ್ಟಿನಾಗ ಹಂಗ ಬಿಟ್ಟಿದ್ದೆ."

"ಈಗ್ಲಾದ್ರೂ ಕೇಳಿದ್ರಲ್ಲ" ಎಂದರು ಆಕೆ. "ಒಂದ್ಸಲ ನಂಗೂ ಕೇಳಿಸ್ತೀರಾ?"

"ಯಾವ ಹಾಡು ನುಡಿಸ್ಲಿ ಅಕ್ಕಾ?"

"ಹಾಡು ಬ್ಯಾಡ ತಾಯಿ. ಬರೀ ಸ್ವಿಚ್ ಹಾಕಿ."

ಹಾಕಿದೆ. ಫೋನನ್ನು ಮನೆಗಳ ಮೇಲಿಟ್ಟು ಪಕ್ಕದಲ್ಲೇ ನಿಂತೆ. ಅಲ್ಲಿ ಆಕೆ, ಇಲ್ಲಿ ನಾನು, ಮೋಟಾರು ತಿರುಗುವುದನ್ನು ಕೇಳುತ್ತಾ ಇದ್ದೆವು. ಎಷ್ಟೋ ಹೊತ್ತಿನ ಮೇಲೆ ಆಕೆ, "ಸಾಕು, ಆಫ್ ಮಾಡಿ, ಬಿಸಿಯಾಯ್ತದೆ" ಎಂದು ಫೋನ್ ಇಟ್ಟರು.